ಅಂಗಾಲು ನೋಡುವವರು

2018ರ ನವೆಂಬರ್ 14, ಬುಧವಾರ. ಆಧಾರ: ಆ ವರ್ಷದ ಗೋಡೆ ಕ್ಯಾಲೆಂಡರ್. ಮಂಡ್ಯದ ಗುತ್ತಲಿನಲ್ಲಿರುವ ನನ್ನ ಮನೆಯ ಅಡುಗೆಕೋಣೆಯಲ್ಲಿ ಅದು ವರ್ಷವಿಡೀ ತೂಗಿತ್ತು. ಹಾಲು ಬಾರದ ದಿನಗಳ ಸುತ್ತ ನಾನು ಹಾಕಿದ ಸೊನ್ನೆಗಳು ಈಗಲೂ ಅದರಲ್ಲಿವೆ. ಇದನ್ನು ಬರೆಯಲು ಕುಳಿತಾಗ ಆ ದಿನ ಶುಕ್ರವಾರವೆಂದೇ ನನ್ನ ನೆನಪು ಹೇಳುತ್ತಿತ್ತು. ನನ್ನ ತಮ್ಮನ ಹೆಂಡತಿ ಅಂದು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲ ತುದಿಗೆ ಗಂಟು ಕಟ್ಟಿ ಬಂದಿದ್ದಳು; ಅವಳು ಹಾಗೆ ಬರುತ್ತಿದ್ದುದು ಶುಕ್ರವಾರಗಳಲ್ಲಿ. ಕ್ಯಾಲೆಂಡರ್ ಒಪ್ಪಲಿಲ್ಲ. ತಾರೀಖಿನ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಅಂದು ವಿಶ್ವ ಮಧುಮೇಹ ದಿನ, ಮಕ್ಕಳ ದಿನವೂ ಹೌದು. ಮದ್ದೂರಿನ ಬಳಿಯ ವೈದ್ಯನಾಥಪುರದಲ್ಲಿ ನಾವು ಏರ್ಪಡಿಸಿದ್ದ ಸಕ್ಕರೆ ಕಾಯಿಲೆಯ ತಪಾಸಣೆಗೆ ಶಾಲೆಯ ಮೈಕನ್ನೇ ಎರವಲು ತಂದಿದ್ದೆವು. ಮಕ್ಕಳ ಎರಡು ಹಾಡುಗಳ ನಡುವೆ ಬಿಡುವು ಸಿಕ್ಕಾಗ ನಾನು ಮಾತಾಡಬೇಕಿತ್ತು.

ನಾನು ವೈದ್ಯೆಯಲ್ಲ. ಆರೋಗ್ಯದ ಎಚ್ಚರಿಕೆಗಳನ್ನು ಜನ ಹೇಗೆ ಓದುತ್ತಾರೆ, ಓದಿದ ಮೇಲೂ ಏಕೆ ಸುಮ್ಮನಿರುತ್ತಾರೆ ಎಂಬುದನ್ನು ಅಭ್ಯಾಸ ಮಾಡುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಿಗೆ ಆಗ ಇನ್ನು ಸ್ವಲ್ಪ ಕಾಲವಷ್ಟೇ ಉಳಿದಿತ್ತು. ವೈದ್ಯನಾಥಪುರ ನನ್ನ ತವರೂರು. ತಮ್ಮನಿಗೆ ಅಲ್ಲಿ ಗದ್ದೆ, ಕಬ್ಬು, ಒಂದಿಷ್ಟು ತೆಂಗು. ತಮ್ಮನ ಹೆಂಡತಿಯನ್ನು ನಮ್ಮ ಕಡೆ ನಾದಿನಿ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ತಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲೇ ಗೊತ್ತಿತ್ತು. ಅವಳಿಗೂ ಇದೆಯೆಂದು ತಿಳಿದದ್ದು ಅಂದು.

"ನಂಗಾ? ಸರ್ಯಾಗ್ ನೋಡಿ ಅತ್ತಿಗಮ್ಮ, ಯಾರ್ದೋ ರಕ್ತ ನಂದ್ರ ಜತೆ ಬೆರ್ತಿರ್ಬೇಕು," ಎಂದು ಅವಳು ನಕ್ಕಳು. ಪಕ್ಕದಲ್ಲಿದ್ದ ತಮ್ಮ, "ಬಾ, ಇನ್ಮೇಲೆ ಇಬ್ರೂ ಸಪ್ಪೆ ಕಾಪಿ ಕುಡ್ಯವ," ಎಂದ. ಮಧುಮೇಹ ಅವಳಲ್ಲಿ ಎಷ್ಟು ಕಾಲದಿಂದ ಮನೆ ಮಾಡಿತ್ತೋ ತಿಳಿಯದು. ಪಾದಗಳಲ್ಲಿ ಸ್ಪರ್ಶ ಆಗಲೇ ಕುಂದಿತ್ತು. ನಮ್ಮ ತಂಡದ ಸಹಾಯಕಿ ಅಂಗಾಲಿಗೆ ತೆಳು ನೈಲಾನ್ ಎಳೆ ಒತ್ತಿ, "ಗೊತ್ತಾಗ್ತಿದ್ಯಾ?" ಎಂದು ಕೇಳುತ್ತಿದ್ದಳು. ನಾದಿನಿ ಮಕ್ಕಳ ಹಾಡು ಕೇಳುತ್ತ ಬೇರೆ ಕಡೆ ನೋಡುತ್ತಿದ್ದಳು. ಎಳೆ ಆಗಲೇ ಒತ್ತಿ ತೆಗೆದಾಗಿತ್ತು.

ಆ ಹೊತ್ತಿಗೆ ಪಾದದ ವಿಷಯದಲ್ಲಿ ನಮಗೆ ಒಂದು ಪಾಠವಾಗಿತ್ತು. ಅದನ್ನು ಕಲಿಸಿದ್ದು ಮಳವಳ್ಳಿ. ಅಲ್ಲಿನ ಹಳ್ಳಿಗಳಲ್ಲಿ ನಾವು ಮೊದಲು ಅಂಟಿಸಿದ ಭಿತ್ತಿಪತ್ರದಲ್ಲಿ ಕಪ್ಪಗೆ ಕೊಳೆತ ಒಂದು ಪಾದದ ಚಿತ್ರ, ಅದರ ಕೆಳಗೆ "ಇಂದು ನಿರ್ಲಕ್ಷಿಸಿದರೆ ನಾಳೆ ಕಾಲೇ ಇಲ್ಲ" ಎಂಬ ಸಾಲು. ಜನ ಅದನ್ನು ನೋಡಿದರು, ಹೆದರಿದರು, ಮುಖ ತಿರುಗಿಸಿದರು. ಕಾಫಿ ಹೋಟೆಲೊಂದರ ಮಾಲೀಕರು ಅದರ ಮೇಲೆ ತಿಂಡಿಗಳ ಬೋರ್ಡು ನೇತುಹಾಕಿದ್ದರು. ಕೇಳಿದ್ದಕ್ಕೆ, "ಅಮ್ಮಾವ್ರೆ, ಇಡ್ಲಿ ತಿನ್ನೋರ್ ಮುಂದೆ ಎಣದ್ ಕಾಲ್ ಇಟ್ರೆ ಯಾರ್ ಕೂತ್ಕತಾರೆ? ಕಾಲ್ ಓಯ್ತದೆ ಅಂದ್ರಿ, ಸರಿ. ಓಗ್ದಂಗೆ ಏನ್ ಮಾಡ್ಬೇಕು, ಅದನ್ ಬರೀರಿ," ಎಂದರು.

ದಿನವೂ ಪಾದ ನೋಡಿಕೊಳ್ಳಿ ಎಂದೇ ನಾವು ಬರೆದಿದ್ದೆವು, ಸಣ್ಣ ಅಕ್ಷರದಲ್ಲಿ. ಆದರೆ ಬೆನ್ನು ಬಗ್ಗದ, ಕಣ್ಣು ಮಸುಕಾದ ಮನುಷ್ಯನಿಗೆ ತನ್ನ ಅಂಗಾಲು ತಾನೇ ಕಾಣುವುದಿಲ್ಲ. ನೋವು ತಿಳಿಯದ ಪಾದ ತಾನಾಗಿ ಕರೆದು ಹೇಳುವುದೂ ಇಲ್ಲ. ಅಪಾಯವನ್ನು ಒಬ್ಬಂಟಿಯ ಕೈಗೆ ಕೊಟ್ಟು ನಾವು ಹೊರಟುಬಂದಿದ್ದೆವು. ಭಿತ್ತಿಪತ್ರವನ್ನು ಬದಲಿಸಿದೆವು. ಕೊಳೆತ ಪಾದ ಹೋಯಿತು. ಜಗಲಿಯ ಮೇಲೆ ಕುಳಿತ ಇಬ್ಬರು ಬಂದರು, ಒಬ್ಬರ ಪಾದ ಇನ್ನೊಬ್ಬರ ತೊಡೆಯ ಮೇಲೆ. ಕೆಳಗಿನ ಸಾಲು ನನ್ನದೇ: "ದಿನಕ್ಕೊಮ್ಮೆ ನಿಮ್ಮ ಅಂಗಾಲನ್ನು ನಿಮ್ಮವರಿಗೆ ತೋರಿಸಿ."

ಈ ಮಾತು ಮೊದಲಿನದಕ್ಕಿಂತ ಚೆನ್ನಾಗಿ ನಡೆಯಿತು. ಗಂಡಸರ ಅಂಗಾಲನ್ನು ರಾತ್ರಿ ಊಟವಾದ ಮೇಲೆ ಹೆಂಡತಿಯರು ನೋಡತೊಡಗಿದರು. ಗೆಳೆಯರು ಗೆಳೆಯರನ್ನು ನೋಡಿದರು. ನನ್ನ ತಮ್ಮನಿಗಂತೂ ಇಬ್ಬರು: ಮನೆಯಲ್ಲಿ ಹೆಂಡತಿ, ಮದ್ದೂರಿಗೆ ಹೋದ ದಿನ ಅವನ ಬಾಲ್ಯದ ಗೆಳೆಯ. ಈ ಗೆಳೆಯ ಮೋಟಾರು ರಿಪೇರಿಯ ಮುಸಲ್ಮಾನರು. ಅವರಿಗೂ ಸಕ್ಕರೆ ಕಾಯಿಲೆ. ಗ್ಯಾರೇಜಿನಲ್ಲಿ ಟೈರಿನ ಮೇಲೆ ತಮ್ಮನನ್ನು ಕೂರಿಸಿ, ಮೊಬೈಲಿನ ಬೆಳಕು ಬಿಟ್ಟು ಅವರು ಪರೀಕ್ಷೆ ನಡೆಸುತ್ತಿದ್ದುದನ್ನು ನಾನೊಮ್ಮೆ ಕಂಡೆ.

"ಏನ್ ಭಾಯ್, ಎಂಗೈತೆ?" ಎಂದ ತಮ್ಮ.

"ಬಲಗಡೇದು ಪರ್ವಾಗಿಲ್ಲ. ಎಡಗಡೇದು ಗ್ರಿಪ್ಪೇ ಇಲ್ಲ ಕಣ್ಲಾ ಗೌಡ, ಪೂರ್ತಿ ಸವ್ದೋಗೈತೆ. ಗಾಡಿ ಮಾರ್ಬುಡು."

"ಈ ಗಾಡಿ ಯಾರ್ಲಾ ತಕತಾರೆ?"

"ಮನೇಲಿ ಕೇಳ್ನೋಡು, ಎಕ್ಸ್‌ಚೇಂಜ್‌ಗೆ ಒಪ್ತಾರಾ ಅಂತ."

ನಗುತ್ತಲೇ ಅವರು ಹಿಮ್ಮಡಿಯ ಒಂದು ಸೀಳನ್ನು ತೋರಿಸಿ, ಎಣ್ಣೆ ಹಚ್ಚದಿದ್ದರೆ ಇನ್ನೊಮ್ಮೆ ಗ್ಯಾರೇಜಿಗೆ ಬರಬೇಡವೆಂದು ಗದರಿದರು. ಪಾಳಿ ಬದಲಾಯಿತು, ತಮ್ಮ ಕೆಳಗೆ ಕುಳಿತು ಅವರ ಪಾದವನ್ನು ತೊಡೆಗೆ ಎಳೆದುಕೊಂಡ. ನನ್ನ ಭಿತ್ತಿಪತ್ರ ಕಣ್ಣೆದುರು ಜೀವಂತವಾಗಿ ಕುಳಿತಂತೆ ಅನ್ನಿಸಿ ಬಹಳ ಸಂತೋಷಪಟ್ಟೆ. ಆ ಸಂತೋಷವನ್ನು ನೆನೆದರೆ ಈಗ ಕಸಿವಿಸಿಯಾಗುತ್ತದೆ.

ಹೆಂಗಸರ ಪಾದಗಳು ಲೆಕ್ಕಕ್ಕೆ ಸಿಗುತ್ತಿಲ್ಲವೆಂಬುದು ನನಗೆ ಆ ಸಂಜೆಯೇ ತಟ್ಟಿತು. ಗ್ಯಾರೇಜಿನಿಂದ ತಮ್ಮನ ಜೊತೆ ಊರಿಗೆ ಹೋಗಿ, ಅವನ ಮನೆಯ ನಡುಮನೆಯಲ್ಲಿ ಕುಳಿತಿದ್ದಾಗ ಮಾತು ತೆಗೆದೆ.

"ನಿನ್ನ ಕಾಲನ್ನ ಅವಳು ದಿನಾ ನೋಡ್ತಾಳೆ. ಅವಳ ಕಾಲು ಯಾರು ನೋಡ್ತಾರೆ?"

"ಅವ್ಳೇ ನೋಡ್ಕತಾಳೆ ಬುಡಕ್ಕ. ಕಣ್ಣಿಲ್ವಾ?"

"ಅಂಗಾಲು ಕಾಣ್ತದಾ?"

"ಅದ್ಕೆ? ನಾನ್ ಎಂಡ್ತಿ ಕಾಲ್ ಇಡ್ಕಂಡ್ ಕೂತ್ಕಳ್ಳಾ? ಯಾರಾರ ಒಳೀಕ್ ಬಂದ್ರೆ ಏನನ್ಕಂಡಾರು?"

"ಮದುವೆ ದಿನ ಕಾಲುಂಗುರ ತೊಡಿಸೋವಾಗ ಹಿಡ್ಕೊಂಡಿರ್ಲಿಲ್ವಾ?"

"ಅದು ಪುರೋಯ್ತ್ರು ಯೋಳುದ್ರು, ಇಡ್ದೆ. ನೀನೇನ್ ಪುರೋಯ್ತ್ರಾ?"

ಅಡುಗೆಮನೆಯಿಂದ ನಾದಿನಿಯ ನಗು ಕೇಳಿಸಿತು. ಸೌಟು ಕೈಯಲ್ಲಿ ಹಿಡಿದೇ ಅವಳು ಬಾಗಿಲಿಗೆ ಬಂದಳು. "ಅವ್ರು ಇಡ್ದ್ರೂ ನಾ ಕೊಡೋಳಲ್ಲ ಸುಮ್ಕಿರಿ ಅತ್ತಿಗಮ್ಮ. ಗಂಡನ್ ಕೈಲಿ ಕಾಲ್ ಮುಟ್ಟಿಸ್ಕಂಡ ಪಾಪ ಯಾರ್ಗ್ ಬೇಕು?"

ನಾನು ವಾದಿಸಲಿಲ್ಲ. ಅದೇ ಮನೆಯಲ್ಲಿ ಬೆಳೆದವಳು ನಾನು. ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರಿಗೆ ಆಯಸ್ಸು ತಗ್ಗುತ್ತದೆಂದು ಕೇಳುತ್ತಲೇ ದೊಡ್ಡವಳಾದವಳು. ಗಂಡಂದಿರನ್ನು ಬಿಟ್ಟು, ಹೆಂಗಸರನ್ನು ಹೆಂಗಸರೇ ನೋಡಿಕೊಳ್ಳಲಿ ಎಂದುಕೊಂಡೆ. ಊರಿನ ಮಹಿಳಾ ಸಂಘ ವಾರಕ್ಕೊಮ್ಮೆ ಸೇರುತ್ತಿತ್ತು. ಅದರಲ್ಲಿ ಸಕ್ಕರೆ ಕಾಯಿಲೆಯವರನ್ನು ಇಬ್ಬಿಬ್ಬರಂತೆ ಜೋಡಿ ಮಾಡಲು ಹೊರಟೆ. ಮೊದಲ ಸಭೆಯಲ್ಲೇ ಜಗಳ ಹತ್ತಿತು. ಹಿರಿಯಳ ಕಾಲನ್ನು ಕಿರಿಯಳು ಮುಟ್ಟಬಹುದು, ಕಿರಿಯಳದನ್ನು ಹಿರಿಯಳು ಮುಟ್ಟಲಾಗದು. ಹಾಗಾದರೆ ಜೋಡಿಯಲ್ಲಿ ಹಿರಿಯಳು ಯಾರು?

"ನಾ ಯಾಕ್ ದೊಡ್ಡೋಳಾಗ್ಲಿ? ನಿನ್ ಮದ್ವೇಲಿ ನಾನಿನ್ನೂ ಲಂಗ ಆಕ್ಕಂಡ್ ಓಡಾಡ್ತಿದ್ದೆ ಕಣಮ್ಮ," ಎಂದಳು ಎಮ್ಮೆ ಸಾಕಿದ್ದ ಒಬ್ಬಾಕೆ.

"ಊ ಓಡಾಡ್ತಿದ್ದೆ, ಕಂಕುಳಲ್ಲಿ ಮಗೀನ್ ಇಟ್ಕಂಡು!" ಎಂದಳು ಅವಳ ಜೋಡಿ.

ಸಭೆ ಬಿದ್ದು ಬಿದ್ದು ನಕ್ಕಿತು. ತಾರೀಖುಗಳ ಹುಚ್ಚಿನವಳೆಂದು ಎಲ್ಲರಿಗೂ ಗೊತ್ತಿದ್ದ ನನ್ನನ್ನು ತೀರ್ಪಿಗೆ ಕರೆದರು. ಆಧಾರ್ ಕಾರ್ಡುಗಳನ್ನು ತರಿಸಿ ನೋಡಿದರೆ ಬಹುಮಂದಿ ಜನವರಿ ಒಂದರಂದೇ ಹುಟ್ಟಿದ್ದರು, ಹಲವರು ಒಂದೇ ವರ್ಷದಲ್ಲಿ. "ಅಂಗಾರೆ ನಾವೆಲ್ಲ ಒಂದೇ ತಾಯ್ ಒಟ್ಟೇಲಿ ಒಂದೇ ದಪ ಉಟ್ಟೋರು ಕಣ್ರಮ್ಮ," ಎಂದಳು ಎಮ್ಮೆಯಾಕೆ. ಊರಿಗೆ ಕರೆಂಟು ಬಂದ ವರ್ಷ ಯಾರಿಗೆ ಮದುವೆಯಾಗಿತ್ತು, ಕೆರೆ ಕೋಡಿ ಬಿದ್ದಾಗ ಯಾರು ಬಸುರಿಯಾಗಿದ್ದರು ಎಂದು ಕೇಳುತ್ತ, ನಾನು ಶ್ರದ್ಧೆಯಿಂದ ವಯಸ್ಸುಗಳನ್ನು ಗೊತ್ತುಮಾಡಿದೆ. ಗೊತ್ತುಮಾಡಿದ ವಯಸ್ಸುಗಳು ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ವಯಸ್ಸಿನ ಹಿರಿತನವಲ್ಲ, ವರಸೆಯದು. ವಯಸ್ಸಿನಲ್ಲಿ ಚಿಕ್ಕವಳು ವರಸೆಯಲ್ಲಿ ಅತ್ತೆಯಾಗಿದ್ದರೆ ಅವಳೇ ಹಿರಿಯಳು. ನೆಂಟರಲ್ಲದವರೂ ಊರಿನಲ್ಲಿ ಯಾವುದಾದರೊಂದು ವರಸೆ ಹಚ್ಚಿಕೊಂಡೇ ಬಾಳುತ್ತಿದ್ದರು.

ನಮ್ಮದು ಮನೆತನದ ಕೊನೆಯ ಕವಲು. ನನ್ನ ನಾದಿನಿ ಆ ಕವಲಿನ ಕಿರಿಸೊಸೆ. ಸಂಘದಲ್ಲಿ ಕುಳಿತವರಲ್ಲಿ ಅವಳಿಗೆ ಅತ್ತೆಯೋ ಅತ್ತಿಗೆಯೋ ಹಿರಿಯ ಓರಗಿತ್ತಿಯೋ ಆಗದವರು ಒಬ್ಬರೂ ಇರಲಿಲ್ಲ. ಆದ್ದರಿಂದ ಎಲ್ಲರ ಅಂಗಾಲೂ ಅವಳ ಪಾಲಿಗೆ ಬಂತು. ಅವಳು ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು. ಬೆರಳ ಸಂದುಗಳನ್ನು ಬಿಡಿಸಿ ನೋಡುವಳು, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತುವಳು, ಕೆಂಪಾದುದನ್ನು ಕಂಡರೆ ಅತ್ತೆಯೆಂಬ ದಾಕ್ಷಿಣ್ಯವಿಲ್ಲದೆ ಬೈಯುವಳು. ಸಾಲು ಮುಗಿದ ಮೇಲೆ ಕೈ ತೊಳೆದುಕೊಂಡು ಎಲ್ಲರಿಗೂ ಸಪ್ಪೆ ಚಹಾ ಕೊಡುವಳು. ಅವಳ ಪಾದ ನೋಡಲು ಯಾರೂ ಉಳಿದಿರಲಿಲ್ಲ. "ನಂದು ನಾ ನೋಡ್ಕತೀನಿ, ಕನ್ನಡಿ ಐತೆ," ಎನ್ನುತ್ತಿದ್ದಳು.

ಆಸರೆ ಕೊಡುವವರು ಪಕ್ಕದಲ್ಲಿದ್ದರೆ ಎಚ್ಚರಿಕೆಯ ಮಾತು ಫಲಿಸುತ್ತದೆಂದು ನಾವು ಬರೆದದ್ದು ಸುಳ್ಳಲ್ಲ. ನಮ್ಮ ಮನೆಗಳಲ್ಲಿ ಆಸರೆ ಕೆಳಗಿನವರಿಂದ ಮೇಲಿನವರಿಗೆ ಸಲ್ಲುತ್ತದೆ. ಎಲ್ಲರಿಗಿಂತ ಕೆಳಗೆ ಕುಳಿತವರಿಗೆ ಅದು ಎಲ್ಲಿಂದ ಬರಬೇಕೆಂದು ಬರೆಯಲು ಆ ಭಿತ್ತಿಪತ್ರದಲ್ಲಿ ಜಾಗವೇ ಇರಲಿಲ್ಲ.

ಮರುವರ್ಷದ ಗೌರಿ ಹಬ್ಬಕ್ಕೆ, ತವರಿನ ಬಾಗಿನ ತೆಗೆದುಕೊಳ್ಳಲು ತಮ್ಮನ ಮನೆಗೆ ಹೋದೆ. ಆ ವೇಳೆಗೆ ನಿವೃತ್ತಿಯಾಗಿತ್ತು. ಪೂಜೆಯಾಯಿತು. ನಾದಿನಿ ಹಸಿರು ಸೀರೆಯುಟ್ಟಿದ್ದಳು. ಮೊರದ ಬಾಗಿನವನ್ನು ನನ್ನ ಕೈಗಿತ್ತು ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳು ಏಳುವಾಗ ಗೋಡೆಗೆ ಕೈ ಊರಿದ್ದನ್ನು ಗಮನಿಸಿ ಕೇಳಿದೆ.

"ನನ್ನ ಕಾಲು ಮುಟ್ಟಿದ್ದಾಯ್ತಲ್ಲ, ಈಗ ನಿನ್ನ ಕಾಲು ತೋರ್ಸು."

"ಅಯ್ಯೋ! ಅಬ್ಬದ್ ದಿವ್ಸ ಇದೇನ್ ಮಾತು ಅತ್ತಿಗಮ್ಮ. ನಿಮ್ ಕೈಲಿ ಕಾಲ್ ಮುಟ್ಟಿಸ್ಕಂಡ್ ನಾನೆಲ್ಗೋಗ್ಲಿ?"

"ಮುಟ್ಟಲ್ಲ ಕಣೆ. ನೋಡ್ತೀನಿ, ಅಷ್ಟೆ."

"ನೋಡಾಕೇನೈತೆ? ಕಾಲು ಕಾಲಿದ್ದಂಗೈತೆ. ಒಬ್ಬಟ್ಟು ಆರೋಯ್ತದೆ, ಏಳಿ ಮ್ಯಾಲೆ."

ಹೀಗೆನ್ನುತ್ತ ಅವಳು ಬಲಗಾಲನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡಳು. ಬೇರೆ ಹೆಂಗಸರು ಕುಂಕುಮಕ್ಕೆ ಬಂದರು. ನಾನು ಊಟ ಮಾಡಿ, ಬಾಗಿನ ಹೊತ್ತು ಮಂಡ್ಯದ ಬಸ್ಸು ಹತ್ತಿದೆ.

ಹಬ್ಬದ ಮುಂದಿನ ವಾರ ತಮ್ಮನ ಫೋನು ಬಂತು. ಹೊಸದಾಗಿ ಹಾಕಿಸಿದ್ದ ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ರಕ್ತದ ಹೆಜ್ಜೆ ಕಲೆಗಳಿದ್ದವಂತೆ, ಬಲಗಾಲಿನವು ಮಾತ್ರ. ಮನೆಯ ಉಳಿದ ನೆಲವೆಲ್ಲ ಕೆಂಪು ಗಾರೆ. ಅದರ ಮೇಲೆ ಎಷ್ಟು ದಿನ ಏನು ಬಿದ್ದರೂ ಕಾಣುವಂತಿರಲಿಲ್ಲ. ಅವನು ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ, ಕಾಲು ಎತ್ತಿ ನೋಡಿದ್ದ. ಜಾಲಿ ಮುಳ್ಳೊಂದು ಚಪ್ಪಲಿಯ ರಬ್ಬರನ್ನು ತೂರಿ ಅಂಗಾಲನ್ನು ಹೊಕ್ಕಿತ್ತು. ಅದನ್ನು ಮೆಟ್ಟಿಕೊಂಡೇ ಅವಳು ಗದ್ದೆಗೆ ಹೋಗಿದ್ದಳು, ಬಂದಿದ್ದಳು, ರೊಟ್ಟಿ ತಟ್ಟಿದ್ದಳು.

"ನಾನೇ ಇಡ್ಕಂಡ್ ನೋಡ್ದೆ ಕಣಕ್ಕ," ಎಂದ ತಮ್ಮ ಫೋನಿನಲ್ಲಿ. "ವಾಸ್ನೆ ಬತ್ತಾ ಐತೆ."

ಗ್ಯಾರೇಜಿನ ಗೆಳೆಯರೇ ಕಾರು ತಂದು ಮಂಡ್ಯಕ್ಕೆ ಕರೆತಂದರು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿಯವರು ಮಾಡಬೇಕಾದುದನ್ನೆಲ್ಲ ಮಾಡಿದರು. ವೈದ್ಯರು ಅವಳನ್ನು ಒಳಗೆ ವಿಚಾರಿಸುತ್ತಿದ್ದಾಗ ನಾವು ಹೊರಗಿನ ಬೆಂಚಿನಲ್ಲಿದ್ದೆವು. ಕಣಕಾಲು ಉಳಿಯಿತು, ಪಾದದ ಮುಂಭಾಗ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ನರ್ಸು ಊದಿದ ಬೆರಳಿನಿಂದ ಕಾಲುಂಗುರವನ್ನು ಕತ್ತರಿಸಿ ತೆಗೆದಾಗ ನಾದಿನಿ ಅತ್ತಳು. ಬೆರಳುಗಳಿಗಾಗಿ ಅಳಲಿಲ್ಲ, ಅವಳು ಕೇಳಿದ್ದು ಒಂದೇ: "ಇನ್ ಎಲ್ಗ್ ಆಕ್ಕಳ್ಳಿ ಅತ್ತಿಗಮ್ಮ?" ಎಡಗಾಲಿಗೆ ಎರಡೂ ಹಾಕಿಕೊಳ್ಳಬಹುದೆಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ವಾರ್ಡಿನಲ್ಲಿ ತಮ್ಮ ಅವಳ ಕಾಲದೆಸೆಯಲ್ಲೇ ಕೂರುತ್ತಿದ್ದ. ಬ್ಯಾಂಡೇಜು ಸುತ್ತಿದ ಪಾದವನ್ನು ದಿಂಬಿನ ಮೇಲೆ ಎರಡೂ ಕೈಯಿಂದ ಹಿಡಿದಿರುತ್ತಿದ್ದ.

"ಬುಡಿ, ಅತ್ತಿಗಮ್ಮ ನೋಡ್ತವ್ರೆ," ಎನ್ನುವಳು ಅವಳು.

"ನೋಡ್ಲಿ ಬುಡು. ನೋಡಾಕೆ ಅಂತ್ಲೇ ಊರೂರ್ ಸುತ್ತಿದ್ಲಲ್ಲ," ಎಂದ ಒಂದು ದಿನ. ಅದು ಕುಹಕವಲ್ಲವೆಂದು ಅವನ ಮುಖ ಹೇಳುತ್ತಿತ್ತು. ಆದರೂ ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ.

ಅವಳೀಗ ವಿಶೇಷವಾಗಿ ಮಾಡಿಸಿದ ಬೂಟು ಹಾಕಿಕೊಂಡು ನಡೆಯುತ್ತಾಳೆ. ಗದ್ದೆಯ ಬದುವಿನ ಮೇಲೆ ನಡೆಯಲಾಗುವುದಿಲ್ಲ. ಅವಳಿಗೆ ಇಷ್ಟವಾಗಿದ್ದ ಕೆಲಸ ನಾಟಿ. ಈಗ ತೆಂಗಿನ ಕೆಳಗೆ ಕುರ್ಚಿ ಹಾಕಿಕೊಂಡು ಆಳುಗಳ ಜೊತೆ ಕೂಗಿ ಮಾತಾಡುತ್ತಾಳೆ. ತಮ್ಮ ದಿನವೂ ಅವಳ ಪಾದಗಳನ್ನು ತೊಳೆದು ಒರೆಸಿ ನೋಡುತ್ತಾನೆ, ಯಾರು ಬಂದರೂ ಏಳುವುದಿಲ್ಲ. ಸಂಘದಲ್ಲಿಯೂ ಕ್ರಮ ಬದಲಾಗಿದೆ. ಒಬ್ಬೊಬ್ಬರೂ ತಮ್ಮ ಫೋನನ್ನು ಅಂಗಾಲಿನ ಕೆಳಗೆ ಹಿಡಿದು ಫೋಟೋ ತೆಗೆಯುತ್ತಾರೆ, ಫೋನು ಸುತ್ತಲೂ ಕೈಯಿಂದ ಕೈಗೆ ಹೋಗುತ್ತದೆ. ಅತ್ತೆಯಾಗಲಿ ಸೊಸೆಯಾಗಲಿ, ಫೋನು ಮುಟ್ಟಿದರೆ ವರಸೆ ಕೆಡುವುದಿಲ್ಲ. ಇಷ್ಟು ಸುಲಭವಿತ್ತೆ ಎಂದು ನಾನು ಕೇಳಿಕೊಳ್ಳುತ್ತೇನೆ. ಗೌರಿ ಹಬ್ಬದ ಆ ಮಧ್ಯಾಹ್ನ ನನ್ನ ಚೀಲದಲ್ಲಿ ಫೋನಿತ್ತು. ಮಂಟಪದ ಚಿತ್ರ ತೆಗೆದಿದ್ದೆ. ಹಬ್ಬದ ದಿನ ಗಾಯ ಆಗಲೇ ಇತ್ತೋ, ಆಮೇಲೆ ಆಯಿತೋ ಎಂಬುದನ್ನು ಇಷ್ಟು ವರ್ಷ ನಾನು ಯಾರನ್ನೂ ಕೇಳಲಿಲ್ಲ. ಆಮೇಲೆ ಆಗಿದ್ದಿರಬಹುದೆಂಬ ಒಂದು ಸಣ್ಣ ಸಮಾಧಾನವಿತ್ತು.

ಈ ಪುಟಗಳಿಗಾಗಿ ಶಸ್ತ್ರಚಿಕಿತ್ಸೆಯ ತಾರೀಖನ್ನು ಒರೆಹಚ್ಚಬೇಕಾಗಿ, ಆಸ್ಪತ್ರೆಯ ದಾಖಲೆಯ ಪ್ರತಿಯನ್ನು ಮೊನ್ನೆ ತಮ್ಮನ ಮನೆಯಿಂದ ತರಿಸಿಕೊಂಡೆ. ತಾರೀಖು ನನ್ನ ನೆನಪಿಗೆ ಸರಿಹೊಂದುತ್ತದೆ. ಮೊದಲ ಪುಟದಲ್ಲಿ, ಕಾಯಿಲೆಯ ಹಿನ್ನೆಲೆಯನ್ನು ರೋಗಿಯ ಬಾಯಿಂದ ಕೇಳಿ ವೈದ್ಯರು ಬರೆದುಕೊಂಡ ಭಾಗದಲ್ಲಿ, ಇಂಗ್ಲಿಷಿನಲ್ಲಿರುವ ಎರಡು ಸಾಲುಗಳ ಅರ್ಥ ಇಷ್ಟು: ಬಲ ಅಂಗಾಲಿನ ಗಾಯವನ್ನು ಗೌರಿ ಹಬ್ಬದ ದಿನ ಮೊದಲು ಕಂಡವರು ಗಂಡನ ಅಕ್ಕ, ಕೂಡಲೇ ಆಸ್ಪತ್ರೆಗೆ ಹೋಗುವಂತೆ ಅವರು ಹೇಳಿದ್ದರು, ರೋಗಿಯೇ ತಡಮಾಡಿದ್ದಾರೆ. ಬಚ್ಚಲಿನ ಕಲೆಯ ಮಾತು, ತಮ್ಮ ಕಾಲೆತ್ತಿ ನೋಡಿದ ಮಾತು ಅದರಲ್ಲಿಲ್ಲ. ದಾಖಲೆ ಹೀಗಿದೆ. ಆ ದಿನ ನಾನು ಕಂಡದ್ದು ಹಸಿರು ಸೀರೆಯ ಅಂಚನ್ನು ಮಾತ್ರ.